ನಾವೇ ನಂಬರ್ ಒನ್! ಆದರೆ ಅಳತೆಗೋಲು ಯಾರದು?

ನವೆಂಬರ್ ಬಂತೆಂದರೆ ನಮ್ಮಂಥ ಸಣ್ಣ ಪ್ರೆಸ್ಸಿನವರಿಗೆ ಸುಗ್ಗಿ. ರಾಜ್ಯೋತ್ಸವದ ಕರಪತ್ರ, ದೇಣಿಗೆ ರಸೀದಿ ಪುಸ್ತಕ, ಆರ್ಕೆಸ್ಟ್ರಾದ ಆಹ್ವಾನ ಪತ್ರಿಕೆ... ಹಳದಿ ಇಂಕು, ಕೆಂಪು ಇಂಕು ಎಷ್ಟು ತರಿಸಿದರೂ ಸಾಲದು. ಅದೇ ನವೆಂಬರಿನಲ್ಲಿ ಬೆಂಗಳೂರಿನಲ್ಲಿ ನಮ್ಮ ಸರ್ಕಾರ ಇನ್ನೊಂದು ಹಬ್ಬವನ್ನೂ ಮಾಡುತ್ತದೆ. ಅದರ ಹೆಸರು ಟೆಕ್ ಸಮ್ಮಿಟ್. ಒಂದು ಹಬ್ಬದಲ್ಲಿ ಭುವನೇಶ್ವರಿಗೆ ಹಾರ, ಇನ್ನೊಂದರಲ್ಲಿ ಬಂಡವಾಳಗಾರರಿಗೆ ಹಾರ. ಎರಡೂ ಒಂದೇ ತಿಂಗಳು, ಒಂದೇ ಖಜಾನೆ, ಒಂದೇ ಊರು. ಒಂದಕ್ಕೊಂದು ಮುಖಾಮುಖಿ ಆಗುವುದು ಮಾತ್ರ ಅಪರೂಪ.

ಅಂಥದೊಂದು ನವೆಂಬರಿನ ಮಧ್ಯಾಹ್ನ ಗಿರಾಕಿಯೊಬ್ಬರು ಮ್ಯಾಟರ್ ತಂದರು. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಇನ್ನೋವೇಷನ್‌ನಲ್ಲಿ ಕರ್ನಾಟಕ ದೇಶಕ್ಕೇ ನಂಬರ್ ಒನ್ ಎಂದು ದಪ್ಪಕ್ಷರದ ತಲೆಬರಹ. “ಕನ್ನಡದಲ್ಲಿ ಬೇಡವಾ ಸಾರ್?” ಅಂದೆ. “ಇದನ್ನ ಓದೋರು ಕನ್ನಡದಲ್ಲಿ ಓದಲ್ಲ ಬಿಡಿ” ಅಂದರು. ಹೊಟ್ಟೆಪಾಡು ಗೆಳೆಯರೇ, ಅಚ್ಚು ಹಾಕಿಕೊಟ್ಟೆ. ಸುಳ್ಳೇಕೆ ಹೇಳಲಿ?

ಅವರು ಅಡ್ವಾನ್ಸ್ ಕೊಟ್ಟು ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ನಮ್ಮ ಬೀದಿಯ ಕೊನೆಯಲ್ಲಿ ಹೂ ಮಾರುವ ಅಜ್ಜಿ ಬಂದರು. ಕೈಯಲ್ಲೊಂದು ಪ್ಲಾಸ್ಟಿಕ್ ಕವರು, ಅದರ ತುಂಬ ಜೆರಾಕ್ಸು. ಪಿಂಚಣಿ ಅರ್ಜಿ ಮೂರನೇ ಸಲ ತಿರಸ್ಕಾರವಾಗಿದೆ. ಕಾರಣ? ಹೆಸರು ತಾಳೆ ಆಗುತ್ತಿಲ್ಲ! ಅಜ್ಜಿಯ ನಿಜವಾದ ಹೆಸರು ಬೇಡ, ಲಕ್ಷ್ಮಮ್ಮ ಅಂತಿಟ್ಟುಕೊಳ್ಳಿ. ಕನ್ನಡದಲ್ಲಿ ಲ, ಕ್ಷ್ಮ, ಮ್ಮ. ಮೂರೇ ಅಕ್ಷರ. ಯಾವ ಹಳ್ಳಿಯ ಯಾವ ಮೇಷ್ಟ್ರು ಬರೆದರೂ ಅವೇ ಮೂರು ಅಕ್ಷರ. ಆದರೆ ಇಂಗ್ಲಿಷಿನಲ್ಲಿ ಒಂದು ಕಾರ್ಡಿನಲ್ಲಿ ನಡುವೆ ‘ಕೆ, ಎಸ್, ಎಚ್’ ಬಂದಿದೆ, ಇನ್ನೊಂದರಲ್ಲಿ ಬರೀ ‘ಎಕ್ಸ್’ ಬಂದಿದೆ. ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಕೊನೆಯ ‘ಎ’ ಒಂದು ಉದುರಿಹೋಗಿದೆ. ಗಣಕಯಂತ್ರಕ್ಕೆ ಇವರು ಒಬ್ಬರಲ್ಲ, ಮೂವರು ಹೆಂಗಸರು! ಬಾಂಡ್ ಪೇಪರಿನಲ್ಲಿ ಅಫಿಡವಿಟ್ಟು ಮಾಡಿಸಿ, ನೋಟರಿ ಸೀಲು ಹಾಕಿಸಿ ತನ್ನಿ ಎಂದು ಕಚೇರಿಯವರು ಹೇಳಿ ಕಳಿಸಿದ್ದಾರೆ. ಅಜ್ಜಿ ನನ್ನ ಮೇಜಿನ ಮೇಲೆ ಎಲ್ಲ ಕಾರ್ಡನ್ನೂ ಹರಡಿ ಕೇಳಿದರು: “ಏನಪ್ಪಾ, ನಾನೇ ನಾನಲ್ಲ ಅಂತಾರಲ್ಲ?”

ಆ ದಿನ ನನ್ನ ಮೆಷಿನ್ನಿನಲ್ಲಿ ‘ನಂಬರ್ ಒನ್’ ಓಡುತ್ತಿತ್ತು. ಅಜ್ಜಿ ಪಕ್ಕದ ಸ್ಟೂಲಿನಲ್ಲಿ ಕೂತಿದ್ದರು.

ಅವತ್ತಿನಿಂದ ಈ ನಂಬರ್ ಒನ್ ಎಲ್ಲಿಂದ ಬಂತು, ಯಾರು ಅಳೆದರು, ಯಾವ ಕೋಲಿನಿಂದ ಅಳೆದರು ಎಂದು ಹುಡುಕಿ ಓದಲು ಶುರು ಮಾಡಿದೆ. ನಾನು ಪಿಯುಸಿ ಓದಿದವನು, ಅರ್ಥಶಾಸ್ತ್ರದ ಪಂಡಿತನಲ್ಲ. ಆದರೆ ಇಪ್ಪತ್ತು ವರ್ಷ ಪ್ರೂಫ್ ನೋಡಿದವನಿಗೆ ಒಂದು ಚಟ ಅಂಟಿಕೊಂಡಿರುತ್ತದೆ. ತಲೆಬರಹ ಓದಿದ ಮೇಲೆ ಕೆಳಗಿನ ಸಣ್ಣಕ್ಷರವನ್ನೂ ಓದದೆ ಬಿಡುವುದಿಲ್ಲ. (ಚಟದ ಮಾತು ಬಂತು, ಇದನ್ನೂ ಹೇಳಿಬಿಡುತ್ತೇನೆ. ಇನ್ನೋವೇಷನ್‌ಗೆ ‘ನಾವೀನ್ಯತೆ’ ಎಂದು ಸರ್ಕಾರದವರೂ ಪತ್ರಿಕೆಯವರೂ ಅಚ್ಚು ಹಾಕಿಸುತ್ತಾರೆ. ನವೀನದಿಂದ ನಾವೀನ್ಯ ಆಗಿಯಾಯಿತು, ಅದಕ್ಕೆ ಮತ್ತೊಂದು ‘ತೆ’ ಯಾಕೆ? ಹೊಸತನ ಎನ್ನಲು ಏನು ಧಾಡಿ?)

ಸಣ್ಣಕ್ಷರದಲ್ಲಿ ಇರುವುದು ಇದು. ಕೇಂದ್ರ ಸರ್ಕಾರದ ನೀತಿ ಆಯೋಗ ‘ಇಂಡಿಯಾ ಇನ್ನೋವೇಷನ್ ಇಂಡೆಕ್ಸ್’ ಎಂಬ ವರದಿಯನ್ನು ಮೊದಲು 2019ರ ಅಕ್ಟೋಬರಿನಲ್ಲಿ ತಂದಿತು. ಎರಡನೆಯದು 2021ರ ಜನವರಿಯಲ್ಲಿ, ಮೂರನೆಯದು 2022ರ ಜುಲೈನಲ್ಲಿ ಬಂತು. ಮೂರರಲ್ಲೂ ದೊಡ್ಡ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೇ ಮೊದಲು. ಸಂತೋಷ! ಎದೆ ತಟ್ಟಿಕೊಳ್ಳೋಣ. ಇಲ್ಲಿನ ಪ್ರಯೋಗಾಲಯಗಳಲ್ಲಿ, ಕಾರ್ಖಾನೆಗಳಲ್ಲಿ, ಕಾಲೇಜುಗಳಲ್ಲಿ ದುಡಿಯುವ ನಮ್ಮ ಹುಡುಗ ಹುಡುಗಿಯರ ಬೆವರೂ ಅದರಲ್ಲಿದೆ. ಅದನ್ನು ಹೀಗಳೆಯಲು ನಾನು ಪೆನ್ನು ಹಿಡಿದಿಲ್ಲ.

ಆದರೆ ಅಂಕ ನೋಡಿ. ಎರಡನೇ ವರದಿಯಲ್ಲಿ ನಮಗೆ ಸಿಕ್ಕಿದ್ದು ನೂರಕ್ಕೆ 42ರ ಮೇಲೆ. ಒಂದೂವರೆ ವರ್ಷದ ನಂತರ ಬಂದ ಮೂರನೇ ವರದಿಯಲ್ಲಿ 18ರ ಆಸುಪಾಸು. ಹಾಗಾದರೆ ಕರ್ನಾಟಕದ ಬುದ್ಧಿ ಅಷ್ಟರಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದುಹೋಯಿತೇ? ಇಲ್ಲ. ಅಳೆಯುವವರು ಕೋಲನ್ನೇ ಬದಲಾಯಿಸಿದರು. 36 ಅಂಶ ಎಣಿಸುತ್ತಿದ್ದವರು 66 ಅಂಶ ಎಣಿಸಿದರು, ಲೆಕ್ಕದ ಪದ್ಧತಿಯನ್ನು ಜಾಗತಿಕ ಸೂಚ್ಯಂಕದ ಮಾದರಿಗೆ ಹೊಂದಿಸಿದರು. ಇದರಲ್ಲಿ ಮೋಸವೇನಿಲ್ಲ. ಆದರೆ ತಿಳಿದುಕೊಳ್ಳಬೇಕಾದ ಮಾತಿದೆ. ಅಂಕ ಆಕಾಶದಿಂದ ಉದುರುವುದಿಲ್ಲ. ಏನನ್ನು ಎಣಿಸಬೇಕು, ಏನನ್ನು ಬಿಡಬೇಕು ಎಂದು ಒಂದು ಮೇಜಿನ ಸುತ್ತ ಕೂತ ಕೆಲವರು ತೀರ್ಮಾನ ಮಾಡುತ್ತಾರೆ. ಆ ಮೇಜಿನ ಹತ್ತಿರ ನಮ್ಮ ಹೂವಿನ ಅಜ್ಜಿಗೆ ಕುರ್ಚಿ ಇರುವುದಿಲ್ಲ.

ಏನನ್ನು ಎಣಿಸಿದರು? ಎಷ್ಟು ಪಿಎಚ್‌ಡಿ, ಸಂಶೋಧನೆಗೆ ಎಷ್ಟು ಖರ್ಚು, ಎಷ್ಟು ವಿದೇಶಿ ಬಂಡವಾಳ, ಎಷ್ಟು ಪೇಟೆಂಟು, ಎಷ್ಟು ರಫ್ತು. ಎರಡನೇ ವರದಿ ಬಂದಾಗ ಕರ್ನಾಟಕ ಗೆದ್ದದ್ದಕ್ಕೆ ಕೊಟ್ಟ ಕಾರಣಗಳಲ್ಲಿ ಐಟಿ ರಫ್ತು, ಬಂಡವಾಳದ ವ್ಯವಹಾರಗಳ ಜೊತೆಗೆ ಇನ್ನೊಂದೂ ಇತ್ತು: ಭೌಗೋಳಿಕ ಗುರುತು ಪಡೆದ ವಸ್ತುಗಳ ಸಂಖ್ಯೆ. ಅಂದರೆ ಇಳಕಲ್ ಸೀರೆ, ಚನ್ನಪಟ್ಟಣದ ಬೊಂಬೆ, ಬಿದರಿ ಕೆಲಸ, ನವಲಗುಂದದ ಜಮಖಾನ, ಧಾರವಾಡ ಪೇಡೆ, ಹಡಗಲಿ ಮಲ್ಲಿಗೆ! ಕರ್ನಾಟಕದ ಕಿರೀಟಕ್ಕೆ ಇಳಕಲ್ಲಿನ ನೇಕಾರನೂ ಚನ್ನಪಟ್ಟಣದ ಬೊಂಬೆ ತಿರುಗಿಸುವವನೂ ಒಂದೊಂದು ಮುತ್ತು ಕೊಟ್ಟಿದ್ದಾನೆ. ನನಗೆ ಬಂದ ಆ ನಾಲ್ಕು ಪುಟದ ಮ್ಯಾಟರಿನಲ್ಲಿ ಅವರ ಸುದ್ದಿ ಒಂದು ಸಾಲೂ ಇರಲಿಲ್ಲ.

ಇರಲಿ. ನನ್ನ ತಕರಾರು ಬೇರೆ. ಈ ಅಳತೆಗಳಲ್ಲಿ ಸರ್ಕಾರದ ಕೌಂಟರು ಎಲ್ಲಿದೆ? ರಾಜ್ಯ ಹೊಸತನದಲ್ಲಿ ಮೊದಲ ಸ್ಥಾನದಲ್ಲಿದೆ ಎಂದರೆ ಆ ರಾಜ್ಯದ ಸರ್ಕಾರದ ಕೆಲಸವೂ ಹೊಸದಾಗಿದೆ, ಚುರುಕಾಗಿದೆ ಎಂದು ಕೇಳಿದವರು ಸಹಜವಾಗಿಯೇ ನಂಬುತ್ತಾರೆ. ಮಂತ್ರಿಗಳ ಭಾಷಣದಲ್ಲಂತೂ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದು ಅಮೆರಿಕದಲ್ಲಿ ಪೇಟೆಂಟು ಪಡೆದರೆ ತಾಲ್ಲೂಕು ಕಚೇರಿಯ ಕೆಲಸ ಚುರುಕಾದ ಹಾಗಾಯಿತೇ? ಎತ್ತಣ ಮಾಮರ, ಎತ್ತಣ ಕೋಗಿಲೆ!

ಹೊಸತನ ಎಂದರೇನು ಎಂಬುದಕ್ಕೆ ಜಗತ್ತಿನಲ್ಲಿ ಒಂದು ಒಪ್ಪಿತ ವ್ಯಾಖ್ಯೆ ಇದೆ. ಶ್ರೀಮಂತ ರಾಷ್ಟ್ರಗಳ ಓಇಸಿಡಿ ಎಂಬ ಸಂಸ್ಥೆ 1992ರಲ್ಲಿ ‘ಓಸ್ಲೋ ಕೈಪಿಡಿ’ ಎಂಬ ಪುಸ್ತಕ ತಂದಿತು. ಹೊಸತನವನ್ನು ಹೇಗೆ ಅಳೆಯಬೇಕು ಎಂಬುದೇ ಅದರ ವಿಷಯ. 2018ರಲ್ಲಿ ಅದರ ನಾಲ್ಕನೇ ಆವೃತ್ತಿ ಬಂತು. ಅದರ ಸಾರ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಹೊಸದನ್ನು ಕಂಡುಹಿಡಿದು ಕಪಾಟಿನಲ್ಲಿಟ್ಟರೆ ಅದು ಹೊಸತನವಲ್ಲ. ಹಿಂದಿನದಕ್ಕಿಂತ ಗಮನಾರ್ಹವಾಗಿ ಬೇರೆಯಾಗಿರಬೇಕು, ಜೊತೆಗೆ ಬಳಸುವವನ ಕೈಗೆ ಸಿಗಬೇಕು ಅಥವಾ ಬಳಕೆಗೆ ಬಂದಿರಬೇಕು. ಬಳಕೆ! ಇದೇ ಮುಖ್ಯ ಮಾತು. ಓದಲಾಗದ ಭಾಷೆಯಲ್ಲಿ ಕೌಂಟರಿನ ಪರದೆ ಹೊಳೆಯುತ್ತಿದ್ದರೆ ಅದು ಯಾರ ಕೈಗೆ ಸಿಕ್ಕ ಹಾಗಾಯಿತು?

ಕನ್ನಡದಲ್ಲಿ ಇದೆಲ್ಲ ಆಗುವುದಿಲ್ಲ ಎನ್ನುವವರಿಗೆ ನಮ್ಮ ರಾಜ್ಯದ್ದೇ ಉತ್ತರವಿದೆ. ಭೂಮಿ ಯೋಜನೆ. ಇಂದಿನ ಹುಡುಗರಿಗೆ ಇದು ಹಳೆಯ ಕಥೆ ಅನಿಸಬಹುದು, ಆದರೂ ಕೇಳಿ.

ಪಹಣಿ ಬೇಕೆಂದರೆ ಒಂದು ಕಾಲದಲ್ಲಿ ರೈತ ಶಾನುಭೋಗರ ಮನೆ ಬಾಗಿಲು ಕಾಯಬೇಕಿತ್ತು. ಆಮೇಲೆ ಗ್ರಾಮ ಲೆಕ್ಕಿಗರ ಬಾಗಿಲು. ಪುಸ್ತಕ ಅವರ ಬಳಿ, ಪೆನ್ನು ಅವರ ಬಳಿ, ಬರೆದದ್ದೇ ಹಕ್ಕು. 2000ದ ಆಚೀಚಿನ ವರ್ಷಗಳಲ್ಲಿ ರಾಜೀವ್ ಚಾವ್ಲಾ ಎಂಬ ಐಎಎಸ್ ಅಧಿಕಾರಿಯ ನೇತೃತ್ವದಲ್ಲಿ ಸುಮಾರು 2 ಕೋಟಿ ಭೂದಾಖಲೆಗಳನ್ನು ಗಣಕಕ್ಕೆ ಏರಿಸಿದರು. ಸುಮಾರು 67 ಲಕ್ಷ ರೈತರ ದಾಖಲೆ! 177 ತಾಲ್ಲೂಕುಗಳಲ್ಲಿ ಕೌಂಟರು ತೆರೆದರು. 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುವಂತಾಯಿತು. ಅಧಿಕಾರಿಗಳು ಹೆಬ್ಬೆರಳ ಗುರುತು ಒತ್ತಿಯೇ ಗಣಕದೊಳಗೆ ಹೋಗಬೇಕು, ಯಾರು ಏನು ತಿದ್ದಿದರು ಎಂಬುದು ದಾಖಲಾಗುತ್ತದೆ. ಮೊದಲು ಬಂದ ಅರ್ಜಿ ಮೊದಲು ಮುಗಿಯಬೇಕು.

ನನ್ನ ಕಣ್ಣಿಗೆ ಅದರಲ್ಲಿ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಸಣ್ಣ ಏರ್ಪಾಡು. ಆ ಕೌಂಟರಿನಲ್ಲಿ ಎರಡು ಪರದೆ ಇಟ್ಟರು. ಒಂದು ಗಣಕದ ಮುಂದೆ ಕೂತವನ ಕಡೆಗೆ. ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ! ಒಳಗಿನವನು ಏನು ಮಾಡುತ್ತಿದ್ದಾನೆಂದು ಹೊರಗಿನವನು ನೋಡಬಹುದು. ಪಹಣಿ ಇರುವುದು ಕನ್ನಡದಲ್ಲಿ. ಸರ್ವೆ ನಂಬರು ತಪ್ಪಾದರೆ, ಅಪ್ಪನ ಹೆಸರಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋದರೆ, “ಸ್ವಾಮೀ, ಅದು ಹಾಗಲ್ಲ” ಎಂದು ಅಲ್ಲೇ ಹೇಳಬಹುದು. ಅದೇ ಪರದೆ ಇಂಗ್ಲಿಷಿನಲ್ಲಿ ಇದ್ದಿದ್ದರೆ? ರೈತನ ಕಡೆಗೆ ತಿರುಗಿಸಿಟ್ಟರೂ ಅದು ಗೋಡೆಗೆ ತಿರುಗಿಸಿಟ್ಟಂತೆಯೇ.

ಫಲಿತಾಂಶವನ್ನೂ ಅಳೆದರು. ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ 2002ರ ಹೊತ್ತಿಗೆ ಬಳಸುವವರನ್ನೇ ಕೇಳಿ ಸಮೀಕ್ಷೆ ಮಾಡಿತು. ಹಳೆಯ ಪದ್ಧತಿಯಲ್ಲಿ ಮೂವರಲ್ಲಿ ಇಬ್ಬರು ಲಂಚ ಕೊಟ್ಟಿದ್ದೆವು ಎಂದರು. ಭೂಮಿ ಕೌಂಟರಿನಲ್ಲಿ ಹಾಗೆಂದವರು ನೂರಕ್ಕೆ ಮೂವರು. ನೋಡಿ, ಇದು ಅಳತೆ! ಯಂತ್ರ ಎಷ್ಟು ಕೊಂಡರು ಎಂದು ಎಣಿಸಿದ್ದರೆ ಯಂತ್ರ ಮಾರಿದವನಿಗೆ ಖುಷಿಯಾಗುತ್ತಿತ್ತು. ಲಂಚ ಎಷ್ಟು ನಿಂತಿತು ಎಂದು ಎಣಿಸಿದ್ದರಿಂದ ನಮಗೆ ಸತ್ಯ ಗೊತ್ತಾಯಿತು.

ಭೂಮಿಯನ್ನು ದೇವರ ಕೋಣೆಯಲ್ಲಿಟ್ಟು ಪೂಜೆ ಮಾಡಿ ಎನ್ನುತ್ತಿಲ್ಲ. ದಾಖಲೆಗಳು ಒಂದೆಡೆ ಸಿಗುವಂತಾದದ್ದರಿಂದ ಬೆಂಗಳೂರಿನ ಸುತ್ತ ದೊಡ್ಡ ಜಮೀನು ವ್ಯಾಪಾರಿಗಳಿಗೇ ಹೆಚ್ಚು ಅನುಕೂಲವಾಯಿತು ಎಂದು 2007ರಲ್ಲಿ ಕೆಲವು ಸಂಶೋಧಕರು ಬರೆದರು. ಮ್ಯುಟೇಷನ್ನಿಗೆ ಓಡಾಡಿದವರು ತಮ್ಮ ತಮ್ಮ ಕಥೆ ಹೇಳುತ್ತಾರೆ. ಅದೂ ನಿಜವೇ. ಆದರೆ ಕನ್ನಡ ಓದಬಲ್ಲ ರೈತನೊಬ್ಬ ತನ್ನ ಪಹಣಿಯನ್ನು ತಾನೇ ಪರದೆಯ ಮೇಲೆ ಓದಿದ್ದು ಸಣ್ಣ ಮಾತಲ್ಲ.

ಇನ್ನು ನನ್ನ ಕಸುಬಿನ ಮಾತಿಗೆ ಬರುತ್ತೇನೆ. ನಮ್ಮ ಅಪ್ಪನ ಪ್ರೆಸ್ಸಿನಲ್ಲಿ ಸೀಸದ ಅಚ್ಚುಮೊಳೆ ಇತ್ತು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರ, ಚಿಕ್ಕದು ದೊಡ್ಡದು ಸೇರಿದರೂ ಎರಡು ಕೇಸಿನಲ್ಲಿ ಮುಗಿಯಿತು. ಕನ್ನಡಕ್ಕೆ ಕಾಗುಣಿತ, ಒತ್ತು, ಅರ್ಕಾವೊತ್ತು ಎಲ್ಲ ಸೇರಿ ನೂರಾರು ಮನೆ. ಕಂಪಾಸಿಟರ್ ಇಡೀ ದಿನ ನಿಂತೇ ಇರಬೇಕು, ಕೈ ಆ ಮನೆಯಿಂದ ಈ ಮನೆಗೆ ಹಾರುತ್ತಿರಬೇಕು. ಕನ್ನಡ ಗಣಕಕ್ಕೆ ಒಗ್ಗುವುದಿಲ್ಲ, ಇಷ್ಟು ಅಕ್ಷರಕ್ಕೆ ಕೀಲಿ ಎಲ್ಲಿ ತರುವುದು ಎನ್ನುವವರು ಆಗ ಬಹಳ ಜನ ಇದ್ದರು. ಅದಕ್ಕೆ ಉತ್ತರ ಕೊಟ್ಟವರು ಕೆ.ಪಿ. ರಾವ್. ದಕ್ಷಿಣ ಕನ್ನಡದವರು. ಮುಂಬಯಿಯ ಟಾಟಾ ಸಂಶೋಧನಾ ಸಂಸ್ಥೆಯಲ್ಲಿ, ಆಮೇಲೆ ಅಚ್ಚುಮೊಳೆಗಳಿಗೆ ಹೆಸರಾದ ಮೋನೋಟೈಪ್ ಕಂಪನಿಯಲ್ಲಿ ಕೆಲಸ ಮಾಡಿದವರು.

ಅವರ ಉಪಾಯ ಕೇಳಿದರೆ, ಇಷ್ಟೇನಾ ಅನಿಸುತ್ತದೆ. ಬೆರಳು ಅಕ್ಷರದ ಆಕಾರವನ್ನು ಹುಡುಕಬೇಕಾಗಿಲ್ಲ. ನಾಲಿಗೆ ನುಡಿದ ಕ್ರಮದಲ್ಲಿ ಒತ್ತಿದರೆ ಸಾಕು, ಆಕಾರ ಕಟ್ಟುವುದು ಗಣಕದ ಕೆಲಸ. ‘ಕ’ ಬೇಕಾದರೆ ‘ಕೆ’ ಕೀಲಿ, ಮಹಾಪ್ರಾಣಕ್ಕೆ ಶಿಫ್ಟು, ಒತ್ತಕ್ಷರಕ್ಕೆ ನಡುವೆ ‘ಎಫ್’. ಅಷ್ಟೇ! ಮೂರು ದಿನದಲ್ಲಿ ನಮ್ಮ ಹುಡುಗಿಯರು ಕಲಿತರು. ಮುಂದೆ ಸರ್ಕಾರವೂ ಅದನ್ನೇ ಪ್ರಮಾಣಿತ ಕೀಲಿಮಣೆ ಎಂದು ಒಪ್ಪಿತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದರ ಮೇಲೆಯೇ ನಿಂತಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಗಲ್ಲಿ ಗಲ್ಲಿಯಲ್ಲಿ ಡಿಟಿಪಿ ಅಂಗಡಿ ಎದ್ದವು. ಮೆಟ್ರಿಕ್ ಫೇಲಾದ ಹುಡುಗ, ಗಂಡ ಬಿಟ್ಟುಹೋದ ಹೆಣ್ಣುಮಗಳು, ಹಳ್ಳಿಯಿಂದ ಬಂದವರು ಎಷ್ಟು ಜನ ಆ ಕೀಲಿಮಣೆಯ ಮೇಲೆ ಅನ್ನ ದುಡಿದರು! ನಾನೂ ಅವರಲ್ಲಿ ಒಬ್ಬ.

ಈಗ ಹೇಳಿ, ಪೇಟೆಂಟಿನ ಸಂಖ್ಯೆ, ರಫ್ತಿನ ಡಾಲರು ಎಣಿಸುವ ಲೆಕ್ಕದಲ್ಲಿ ಈ ಕೀಲಿಮಣೆಗೆ ಎಷ್ಟು ಅಂಕ? ಜನ ಪುಕ್ಕಟೆಯಾಗಿ ಬಳಸಿದರು, ಆದ್ದರಿಂದ ವ್ಯವಹಾರವಿಲ್ಲ. ಕನ್ನಡಕ್ಕೆ ಮಾತ್ರ, ಆದ್ದರಿಂದ ರಫ್ತಿಲ್ಲ. ನನ್ನ ಲೆಕ್ಕದಲ್ಲಿ ಈ ನಾಡಿನ ಅತಿ ದೊಡ್ಡ ಹೊಸತನಗಳಲ್ಲಿ ಒಂದು ಅದು. ಅವರ ಲೆಕ್ಕದಲ್ಲಿ ಸೊನ್ನೆಗೆ ಹತ್ತಿರ.

ಇಲ್ಲಿ ಸರ್ಕಾರದ ಕಿವಿ ಹಿಂಡಬೇಕಾದ ಇನ್ನೊಂದು ವಿಚಾರವಿದೆ. ಯುನಿಕೋಡ್ ಎಂಬ ಜಾಗತಿಕ ಪದ್ಧತಿಯಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತು. ಯುನಿಕೋಡಿನಲ್ಲಿ ಟೈಪ್ ಮಾಡಿದ ಕನ್ನಡ ಯಾವ ಫೋನಿನಲ್ಲೂ ಕನ್ನಡವೇ. ಹಳೆಯ ಫಾಂಟುಗಳ ಕಥೆ ಹಾಗಲ್ಲ. ಕಣ್ಣಿಗೆ ಕನ್ನಡ ಕಂಡರೂ ಗಣಕದ ಹೊಟ್ಟೆಯೊಳಗೆ ಅದು ಇಂಗ್ಲಿಷ್ ಗುರುತುಗಳ ಕಲಸುಮೇಲೋಗರ. ಇವತ್ತಿಗೂ ನನ್ನ ಪ್ರೆಸ್ಸಿಗೆ ಹಳೆಯ ಫಾಂಟಿನಲ್ಲಿ ಟೈಪಾದ ಫೈಲುಗಳು ಬರುತ್ತವೆ. ಬದಲಾಯಿಸುವಾಗ ಅರ್ಕಾವೊತ್ತು ಎಲ್ಲೋ ಹಾರಿ ಕೂತಿರುತ್ತದೆ. ಹಾಗೆ ಬರೆದಿಟ್ಟ ಆದೇಶದಲ್ಲಿ ಒಂದು ಪದ ಹುಡುಕು ಎಂದರೆ ಗಣಕ ಕೈಯೆತ್ತುತ್ತದೆ. ಹುಡುಕಿದರೆ ಸಿಗದ ಆದೇಶ ಇದ್ದೂ ಇಲ್ಲದಂತೆ. ಹೊಸತನ ಜನರ ಕೈಯಲ್ಲಿ ಎಂದೋ ಬಂದಾಗಿದೆ, ಕಚೇರಿಯ ಟೇಬಲ್ಲಿಗೆ ಬರಲು ಮಾತ್ರ ಇಷ್ಟು ವರ್ಷ!

ನನಗೇ ಆದ ಒಂದು ಅನುಭವ. ಕಚೇರಿಯೊಂದರ ಅರ್ಜಿ ನಮೂನೆಗಳನ್ನು ಅಚ್ಚು ಹಾಕುವ ಕೆಲಸಕ್ಕೆ ಟೆಂಡರು ಕರೆದಿದ್ದರು. ಅಚ್ಚಾಗಬೇಕಾದ ನಮೂನೆ ಪೂರ್ತಿ ಕನ್ನಡ. ಟೆಂಡರಿನ ಷರತ್ತು ಮೂವತ್ತು ಚಿಲ್ಲರೆ ಪುಟ, ಪೂರ್ತಿ ಇಂಗ್ಲಿಷ್. ಕನ್ನಡ ಅಚ್ಚು ಹಾಕುವುದು ಗೊತ್ತಿದ್ದರೆ ಸಾಲದು, ಇಂಗ್ಲಿಷ್ ಕಾನೂನು ಓದುವುದು ಗೊತ್ತಿರಬೇಕು. ನನಗೆ ಒಂದು ಷರತ್ತು ಅರ್ಥವಾಗದೆ ಒಂದು ಕಾಗದ ತಪ್ಪಿತು, ನನ್ನ ಅರ್ಜಿ ಹೊರಗೆ ಬಿತ್ತು. ತಪ್ಪು ನನ್ನದೇ ಎನ್ನಿ. ಆದರೆ ಕರ್ನಾಟಕ ರಾಜಭಾಷಾ ಕಾಯ್ದೆ 1963ರದ್ದು, ನಾನು ಹುಟ್ಟುವ ಎಷ್ಟೋ ವರ್ಷ ಮೊದಲಿನದು.

ಸರ್ಕಾರ ತನ್ನನ್ನು ತಾನು ಅಳೆದುಕೊಳ್ಳುವುದೇ ಇಲ್ಲ ಎಂದಲ್ಲ. 2012ರ ಏಪ್ರಿಲ್ 2ರಂದು ‘ಸಕಾಲ’ ಇಡೀ ರಾಜ್ಯಕ್ಕೆ ಬಂತು. 11 ಇಲಾಖೆಗಳ 151 ಸೇವೆಗಳಿಂದ ಶುರುವಾಯಿತು. ಇಂತಿಷ್ಟು ದಿನದಲ್ಲಿ ಕೆಲಸ ಆಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ. ಒಳ್ಳೆಯ ಕಾನೂನು, ಒಳ್ಳೆಯ ಕನ್ನಡ ಹೆಸರು. ಆದರೆ ಗಡಿಯಾರ ಓಡಲು ಶುರುವಾಗುವುದು ಅರ್ಜಿ ಸ್ವೀಕರಿಸಿ ಸಂಖ್ಯೆ ಕೊಟ್ಟ ಮೇಲೆ. “ಈ ಕಾಗದ ಇಲ್ಲ, ನಾಳೆ ಬಾ” ಎಂದು ಕೌಂಟರಿನಿಂದಲೇ ಕಳಿಸಿದರೆ ಗಡಿಯಾರಕ್ಕೆ ಕೀಲಿಯೇ ಕೊಟ್ಟಿಲ್ಲ. ಇನ್ನು ‘ವಿಲೇವಾರಿ’ ಎಂಬ ಪದದ ಮಹಿಮೆ ನೋಡಿ. ಕೇಳಿದ್ದನ್ನು ಕೊಟ್ಟರೂ ವಿಲೇವಾರಿ, ತಿರಸ್ಕರಿಸಿದರೂ ವಿಲೇವಾರಿ. ನಮ್ಮ ಅಜ್ಜಿಯ ಅರ್ಜಿ ಮೂರು ಸಲ ವಿಲೇವಾರಿ ಆಗಿದೆ! ಯಾವುದೋ ಪಟ್ಟಿಯಲ್ಲಿ ಅದು ಮೂರು ಸಾಧನೆ ಎಂದು ಕೂತಿದ್ದರೆ ಆಶ್ಚರ್ಯವಿಲ್ಲ.

ಹೊರದೇಶದ ಒಂದು ಉದಾಹರಣೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ನಮ್ಮ ಭಾಷೆಗಿಂತ ಬಹಳ ಸಣ್ಣ ಭಾಷೆಯ ನಾಡು. ಡೆನ್ಮಾರ್ಕ್. ಇಡೀ ದೇಶದ ಜನಸಂಖ್ಯೆ ಸುಮಾರು 60 ಲಕ್ಷ, ನಮ್ಮ ಬೆಂಗಳೂರಿಗಿಂತ ಕಡಿಮೆ. ಅಲ್ಲಿ 2015ರಲ್ಲಿ ‘ಇನ್ನೋವೇಷನ್ ಬ್ಯಾರೋಮೀಟರ್’ ಎಂದು ಶುರು ಮಾಡಿದರು. ಕಂಪನಿಗಳನ್ನು ಬಿಟ್ಟು ಸರ್ಕಾರಿ ಶಾಲೆ, ಆಸ್ಪತ್ರೆ, ಅಂಗನವಾಡಿಯಂಥ ಶಿಶುಕೇಂದ್ರ, ನಗರಸಭೆ ಕಚೇರಿ, ಇವನ್ನೇ ಕೇಳಿದರು: ನೀವು ಹೊಸದಾಗಿ ಏನು ಮಾಡಿದಿರಿ? ಅದರಿಂದ ಗುಣಮಟ್ಟ ಹೆಚ್ಚಿತೇ, ಜನರಿಗೆ ಏನು ಸಿಕ್ಕಿತು? ಬಂದ ಉತ್ತರಗಳಲ್ಲಿ ಒಂದು ನನಗೆ ಬಹಳ ಹಿಡಿಸಿತು. ಅಲ್ಲಿನ ಸರ್ಕಾರಿ ಹೊಸತನಗಳಲ್ಲಿ ಬಹುಪಾಲು ಪಕ್ಕದ ಕಚೇರಿಯಿಂದ ನೋಡಿ ಕಲಿತವು, ನಕಲು ಮಾಡಿ ತಮಗೆ ತಕ್ಕಂತೆ ತಿದ್ದಿಕೊಂಡವು! ನಮ್ಮಲ್ಲಿ ಭೂಮಿ ಕೌಂಟರಿನ ಆ ಎರಡನೇ ಪರದೆಯನ್ನು ಎಷ್ಟು ಇಲಾಖೆ ನಕಲು ಮಾಡಿದವು? ನೀವು ಹೋದ ಕಚೇರಿಗಳನ್ನು ನೆನೆದು ನೀವೇ ಹೇಳಿ. ನಕಲು ಹೊಡೆಯಬೇಕಾದಲ್ಲಿ ನಮ್ಮವರಿಗೆ ಸ್ವಾಭಿಮಾನ ಅಡ್ಡ ಬರುತ್ತದೆ.

ಈಗ ನಿಮ್ಮ ವಿಷಯ, ಗೆಳೆಯರೇ. ನಗರದಲ್ಲಿ ಬೆಳೆದವರು ನೀವು. ಇಂಗ್ಲಿಷ್ ಫಾರಂ ನಿಮಗೆ ಕಷ್ಟವಲ್ಲ. “ಈಗ ಫೋನೇ ಅನುವಾದ ಮಾಡುತ್ತದೆ ಅಂಕಲ್, ಇನ್ನೂ ಯಾಕೆ ಈ ಹಳೇ ಹೋರಾಟ?” ಎಂದು ನನ್ನ ಅಣ್ಣನ ಮಗನೇ ನನ್ನನ್ನು ಕೇಳಿದ್ದಾನೆ. ನಾನು ಅವನಿಗೆ ತಿರುಗಿ ಕೇಳಿದೆ: ನಿನ್ನ ಅಮ್ಮನ ರೇಷನ್ ಕಾರ್ಡು ತಿದ್ದುಪಡಿ ಮಾಡಿದ್ದು ಯಾರು? ಅಜ್ಜನ ಜೀವಂತ ಪ್ರಮಾಣಪತ್ರ ಏರಿಸಿದ್ದು ಯಾರು? ಕರೆಂಟಿನವರಿಗೆ ದೂರು ಬರೆದದ್ದು ಯಾರು? ಎಲ್ಲ ಅವನೇ. ಮನೆ ಮನೆಯಲ್ಲೂ ಒಬ್ಬ ಮಗನೋ ಮಗಳೋ ಸರ್ಕಾರಕ್ಕೆ ಸಂಬಳವಿಲ್ಲದ ಗುಮಾಸ್ತೆಯಾಗಿ ದುಡಿಯುತ್ತಿದ್ದಾರೆ. ನೀವು ರಾತ್ರಿ ಹನ್ನೊಂದಕ್ಕೆ ಕೂತು ತುಂಬಿದ ಅರ್ಜಿ ಸರ್ಕಾರದ ಪುಸ್ತಕದಲ್ಲಿ ‘ನಾಗರಿಕರು ಆನ್‌ಲೈನ್ ಸೇವೆ ಬಳಸಿದರು’ ಎಂದು ಸೇರಿಕೊಳ್ಳುತ್ತದೆ. ಮಗ ದುಬೈಗೆ ಹೋದವರು, ಮಕ್ಕಳೇ ಇಲ್ಲದವರು ಏನು ಮಾಡಬೇಕು? ನಮ್ಮ ಅಜ್ಜಿಯ ಹಾಗೆ ಪ್ರೆಸ್ಸಿನ ಬಾಗಿಲಿಗೆ ಬರಬೇಕು. ಎಲ್ಲ ಅಂಗಡಿಯವನೂ ಐವತ್ತು ರೂಪಾಯಿಗೆ ಮುಗಿಸುವುದಿಲ್ಲ.

ನಾಮಫಲಕದಲ್ಲಿ ಶೇಕಡಾ 60 ಕನ್ನಡ ಇರಲೇಬೇಕೆಂದು 2023ರ ಡಿಸೆಂಬರಿನಲ್ಲಿ ನಮ್ಮ ಸಂಘಟನೆಗಳವರು ಬೀದಿಗಿಳಿದರು, ಜೈಲಿಗೂ ಹೋದರು. 2024ರಲ್ಲಿ ಕಾನೂನಿಗೆ ತಿದ್ದುಪಡಿ ಬಂತು. ಬೋರ್ಡಿಗೆ ಟೇಪು ಹಿಡಿದು ಅಳೆಯುವ ಧೈರ್ಯ ನಮಗಿದೆ. ಅದೇ ಟೇಪನ್ನು ಈಗ ಒಳಗೆ ತೆಗೆದುಕೊಂಡು ಹೋಗಬೇಕು, ಕೌಂಟರಿನ ತನಕ. ಹೊರಗಿನ ಬೋರ್ಡು ಕನ್ನಡದಲ್ಲಿದ್ದು ಒಳಗಿನ ಪರದೆ ಇಂಗ್ಲಿಷಿನಲ್ಲಿದ್ದರೆ ನಾವು ಬಾಗಿಲಿಗೆ ತೋರಣ ಕಟ್ಟಿ ಬೀದಿಯಲ್ಲಿ ಉಳಿದವರಾಗುತ್ತೇವೆ.

ಇದಕ್ಕೆ ಕಲ್ಲು ಬೇಡ, ಘೋಷಣೆಯೂ ಬೇಡ. 1993ರಲ್ಲಿ ಬೆಂಗಳೂರಿನಲ್ಲಿ ಸ್ಯಾಮ್ಯುಯೆಲ್ ಪಾಲ್ ಎಂಬುವರು ಒಂದು ಕೆಲಸ ಮಾಡಿದರು. ನೀರು, ಕರೆಂಟು, ಸೈಟು, ಕಂದಾಯ, ಇವಕ್ಕೆಲ್ಲ ಅಲೆಯುವ ಜನರನ್ನೇ ಕೇಳಿ, ಶಾಲೆಯ ಮಕ್ಕಳಿಗೆ ಅಂಕಪಟ್ಟಿ ಕೊಡುವ ಹಾಗೆ ಸರ್ಕಾರಿ ಸಂಸ್ಥೆಗಳಿಗೆ ಅಂಕಪಟ್ಟಿ ಕೊಟ್ಟರು. ಪತ್ರಿಕೆಗಳಲ್ಲಿ ಅದು ಅಚ್ಚಾಯಿತು. 1999ರಲ್ಲಿ ಮತ್ತೆ ಕೊಟ್ಟರು, 2003ರಲ್ಲಿ ಮತ್ತೆ. ಮೊದಲ ಸಲ ಬಹುತೇಕ ಎಲ್ಲ ಫೇಲು, ಮೂರನೇ ಸಲದ ಹೊತ್ತಿಗೆ ಜನರ ತೃಪ್ತಿ ಸಾಕಷ್ಟು ಏರಿತ್ತು. ಹತ್ತು ವರ್ಷ ಬಿಡದೆ ಕೇಳಿದ್ದಕ್ಕೆ ಅದೂ ಒಂದು ಫಲ. ಆಮೇಲೆ ಬೇರೆ ದೇಶಗಳವರೂ ಈ ಅಂಕಪಟ್ಟಿಯನ್ನು ನಕಲು ಮಾಡಿದರು. ಇದೂ ನಮ್ಮ ಊರಿನದೇ ಹೊಸತನ, ಪೇಟೆಂಟಿಲ್ಲದ್ದು. ಆದರೆ ಆ ಅಂಕಪಟ್ಟಿಯಲ್ಲಿ ಭಾಷೆಗೇ ಮೀಸಲಾದ ಒಂದು ಕಾಲಂ ನಾವು ಸೇರಿಸಬೇಕಾಗಿದೆ.

ನಾನು ಒಂದು ಕಾರ್ಡು ಕರಡು ಮಾಡಿಟ್ಟಿದ್ದೇನೆ. ಅಂಚೆ ಕಾರ್ಡಿನಷ್ಟೇ ಗಾತ್ರ, ಜೇಬಿಗೆ ಹಿಡಿಯುತ್ತದೆ. ಕಚೇರಿಯಿಂದ ಹೊರಬರುವವರನ್ನು ಕೇಳಬೇಕಾದ್ದು ಕೆಲವೇ ಪ್ರಶ್ನೆ. ಫಾರಂ ಕನ್ನಡದಲ್ಲಿತ್ತೇ? ನೀವೇ ತುಂಬಿದಿರಾ, ಇನ್ನೊಬ್ಬರಿಗೆ ದುಡ್ಡು ಕೊಟ್ಟು ತುಂಬಿಸಿದಿರಾ, ಎಷ್ಟು ಕೊಟ್ಟಿರಿ? ಪರದೆ ನಿಮಗೆ ಕಾಣುತ್ತಿತ್ತೇ? ಇದು ಎಷ್ಟನೇ ಸಲ ಬಂದದ್ದು? ತಿರಸ್ಕರಿಸಿದ್ದರೆ ಕಾರಣವನ್ನು ಯಾವ ಭಾಷೆಯಲ್ಲಿ ಬರೆದುಕೊಟ್ಟರು? ಕೇಳಿದವರ ಹೆಸರು, ಫೋನ್ ನಂಬರು ಬರೆದುಕೊಳ್ಳಬೇಡಿ. ಬಡವರಿಗೆ ಮೊದಲೇ ಹೆದರಿಕೆ. ಕಚೇರಿ, ತಾರೀಕು, ಉತ್ತರ ಇಷ್ಟು ಸಾಕು. ಸಿಬ್ಬಂದಿಯ ಮೇಲೆ ಕೂಗಾಡಬೇಡಿ, ಆ ಕೌಂಟರಿನ ಹುಡುಗಿ ಹೊರಗುತ್ತಿಗೆಯಲ್ಲಿ ಕೂತವಳು, ತಂತ್ರಾಂಶ ಬರೆದವಳಲ್ಲ. ಪರಭಾಷೆಯವರು ಬಂದರೆ ಅವರನ್ನೂ ಕೇಳಿ. ಅವರಿಗೂ ಆ ಇಂಗ್ಲಿಷ್ ಅರ್ಥವಾಗಿರುವುದು ಅಷ್ಟಕ್ಕಷ್ಟೇ.

ಒಂದು ಬಡಾವಣೆಯ ಶಾಖೆ ತಿಂಗಳಿಗೆ ಒಂದು ಕಚೇರಿ ಹಿಡಿದರೆ ಸಾಕು. ನೂರು ಕಾರ್ಡು ತುಂಬಲಿ. ಮುಂದಿನ ನವೆಂಬರಿನಲ್ಲಿ ಮಂತ್ರಿಗಳು ಮೇಳದ ವೇದಿಕೆ ಹತ್ತಿ ನಂಬರ್ ಒನ್ ಎಂದಾಗ ನಮ್ಮ ಪಟ್ಟಿಯನ್ನೂ ಅವರ ಕೈಗೆ ಕೊಡೋಣ. ಯಾವ ಇಲಾಖೆಯ ಪರದೆ ಯಾರ ಕಡೆಗಿದೆ ಎಂಬುದಷ್ಟೇ ಅದರಲ್ಲಿರಲಿ, ಬೈಗುಳ ಒಂದೂ ಬೇಡ.

ಕಾರ್ಡಿನ ಅಚ್ಚುಕೂಲಿ ನನಗೆ ಬೇಡ. ಕಾಗದದ ಖರ್ಚು ಶಾಖೆಯವರು ಕೊಟ್ಟರಾಯಿತು, 250 ಗ್ರಾಮಿನ ಬೋರ್ಡಿನಲ್ಲಿ ಸಾವಿರಕ್ಕೆ ಹೆಚ್ಚೇನೂ ಬೀಳುವುದಿಲ್ಲ. ಕರಡನ್ನು ಮೊದಲು ಹೂವಿನ ಅಜ್ಜಿಗೆ ಓದಿ ಹೇಳಿದೆ. ಅವರು ಒಂದು ಪ್ರಶ್ನೆ ಸೇರಿಸಿದರು: “ಕೂರೋಕೆ ಜಾಗ ಕೊಟ್ರಾ ಅಂತಾನೂ ಬರಿಯಪ್ಪಾ.” ಬರೆದಿದ್ದೇನೆ. ಅವರ ನಾಲ್ಕನೇ ಅರ್ಜಿ, ಅಫಿಡವಿಟ್ಟು ಸಮೇತ, ಈ ಸಾಲು ಬರೆಯುವ ಹೊತ್ತಿಗೆ ಇನ್ನೂ ‘ಪರಿಶೀಲನೆಯಲ್ಲಿದೆ’.